ತಟ್ಟೆಯ ಪಕ್ಕದಲ್ಲಿ ಒಂದು ಕರಪತ್ರ

(ಅಮೆರಿಕದ ಒಂದು ಉದ್ದದ ಕಾಲುಹಾದಿಯಲ್ಲಿ ನಡೆಯುವವರಿಗೆ ಊಟ, ಸೂರು ಕೊಡುತ್ತಾ ಧರ್ಮವನ್ನೂ ಹೇಳುವವರ ಬಗ್ಗೆ, ನ್ಯೂಜೆರ್ಸಿಯಲ್ಲಿ ಕನ್ನಡಿಗರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಕೊನೆಯಲ್ಲಿ ಉಳಿಸಿಕೊಂಡಿದೆ.)

ಇಲ್ಲಿಂದ ಇಂಟರ್‌ಸ್ಟೇಟ್ 80 ಹಿಡಿದು ಪಶ್ಚಿಮಕ್ಕೆ ಹೋದರೆ, ರಾಜ್ಯ ಮುಗಿಯುವ ಜಾಗದಲ್ಲಿ ಡೆಲವೇರ್ ನದಿಯ ಸೇತುವೆ ಬರುತ್ತದೆ. ನಿಮ್ಮಲ್ಲಿ ಬಹಳ ಜನ ಅದನ್ನು ಕಾರಿನಲ್ಲಿ ದಾಟಿರುತ್ತೀರಿ. ಮುಂದಿನ ಸಲ ಸೇತುವೆಯ ಅಂಚಿನಲ್ಲಿರುವ ಕಾಲುದಾರಿಯ ಕಡೆ ಒಮ್ಮೆ ನೋಡಿ. ಜೂನ್, ಜುಲೈ ತಿಂಗಳಾದರೆ ಬೆನ್ನಿಗೆ ಚೀಲ ಹೊತ್ತು, ಎರಡೂ ಕೈಯಲ್ಲಿ ಕೋಲು ಹಿಡಿದು ನಡೆಯುವ ಯಾರಾದರೂ ಕಾಣಬಹುದು. ಪಕ್ಕದಲ್ಲಿ ಲಾರಿ ಹೋದಾಗಲೆಲ್ಲ ಅವರ ಕಾಲ ಕೆಳಗೆ ಸೇತುವೆ ನಡುಗುತ್ತಿರುತ್ತದೆ. ಅವರು ಪಿಕ್ನಿಕ್‌ಗೆ ಬಂದವರಲ್ಲ. ಅಪಲೇಚಿಯನ್ ಟ್ರೇಲ್ ಎಂಬ ಉದ್ದದ ಕಾಲುಹಾದಿ ಈ ಸೇತುವೆಯ ಮೇಲೇ ಹೋಗುತ್ತದೆ. ದಕ್ಷಿಣದಲ್ಲಿ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಉತ್ತರದಲ್ಲಿ ಮೇನ್ ರಾಜ್ಯದ ಕಟಾಡಿನ್ ಬೆಟ್ಟದವರೆಗೆ, 14 ರಾಜ್ಯ, ಸುಮಾರು 3,500 ಕಿಲೋಮೀಟರ್.

ಇಂಥದೊಂದು ಹಾದಿ ಬೇಕು ಅಂತ 1921ರಲ್ಲಿ ಬೆಂಟನ್ ಮೆಕಾಯ್ ಎಂಬ ಅರಣ್ಯ ತಜ್ಞ ಬರೆದರು. 1937ಕ್ಕೆ ಹಾದಿ ಪೂರ್ತಿಯಾಯಿತು. 1948ರಲ್ಲಿ ಅರ್ಲ್ ಶಾಫರ್ ಎಂಬವರು ಅದನ್ನು ಒಂದೇ ಉಸಿರಿಗೆ ಅನ್ನುವ ಹಾಗೆ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿದರು. ಅವರು ಎರಡನೇ ಮಹಾಯುದ್ಧ ಮುಗಿಸಿ ಬಂದಿದ್ದ ಸೈನಿಕ. ಯುದ್ಧವನ್ನು ಮೈಮನಸ್ಸಿನಿಂದ ಇಳಿಸಿಕೊಳ್ಳಲು ನಡೆದೆ ಅಂತ ಅವರೇ ಹೇಳಿಕೊಂಡಿದ್ದರು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪೂರ್ತಿ ಹಾದಿ ನಡೆಯುವವರನ್ನು ಥ್ರೂ ಹೈಕರ್ ಅನ್ನುತ್ತಾರೆ. ಐದರಿಂದ ಏಳು ತಿಂಗಳು ಬೇಕು. ಹೊರಟವರಲ್ಲಿ ಕಾಲು ಭಾಗದಷ್ಟು ಜನ ಮಾತ್ರ ಕೊನೆ ಮುಟ್ಟುತ್ತಾರೆ. ನಾನು ಪೂರ್ತಿ ನಡೆದವನಲ್ಲ. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ವರ್ಮಾಂಟ್ ಕಡೆ ತುಂಡು ತುಂಡಾಗಿ ನಡೆದವನು. ಆದರೆ ನಡೆದಾಗಲೆಲ್ಲ ಇವರ ಜೊತೆ ಕೂತು ಮಾತಾಡಿದ್ದೇನೆ. ಬೇರೆಲ್ಲಾ ವಿಷಯ ಬಿಟ್ಟು ಅವರು ಮೊದಲು ಮಾತಾಡುವುದು ಊಟದ ಬಗ್ಗೆ.

ಸುಮ್ನೆ ಹೇಳ್ತಿಲ್ಲ. ದಿನಕ್ಕೆ 25-30 ಕಿಲೋಮೀಟರ್ ಬೆಟ್ಟ ಹತ್ತಿ ಇಳಿಯುವ ದೇಹ ನಾಲ್ಕೈದು ಸಾವಿರ ಕ್ಯಾಲೊರಿ ಸುಡುತ್ತದೆ. ಅಷ್ಟು ಊಟವನ್ನು ಬೆನ್ನ ಮೇಲೆ ಹೊರಲು ಆಗುವುದಿಲ್ಲ. ಕೆಲವು ವಾರ ಕಳೆದ ಮೇಲೆ ತಿಂದರೂ ತೀರದ ಒಂದು ಹಸಿವು ಶುರುವಾಗುತ್ತದೆ. ಹಾದಿಯ ಅರ್ಧ ಮುಗಿಯುವ ಆಸುಪಾಸಿನಲ್ಲಿ, ಪೆನ್ಸಿಲ್ವೇನಿಯಾದ ಪೈನ್ ಗ್ರೋವ್ ಫರ್ನೆಸ್ ಎಂಬಲ್ಲಿ ಒಂದು ಅಂಗಡಿ ಇದೆ. ಅಲ್ಲಿ ಒಬ್ಬೊಬ್ಬರೂ ಅರ್ಧ ಗ್ಯಾಲನ್ ಐಸ್‌ಕ್ರೀಮ್ ಒಂದೇ ಸಲಕ್ಕೆ ತಿಂದು ಮುಗಿಸುವುದು ಹಳೇ ಪದ್ಧತಿ. ಹೆಚ್ಚು ಕಡಿಮೆ ಎರಡು ಲೀಟರ್. ಚಮಚಕ್ಕೆ ಪುರುಸೊತ್ತಿಲ್ಲದ ಹಾಗೆ ತಿನ್ನುತ್ತಾರೆ.

ಇಂಥವರಿಗೆ ದಾರಿಯಲ್ಲಿ ಯಾರೋ ಗುರುತಿಲ್ಲದವರು ಊಟ ಕೊಟ್ಟರೆ ಹೇಗಿರುತ್ತದೆ? ಅದಕ್ಕೆ ಟ್ರೇಲ್ ಮ್ಯಾಜಿಕ್ ಅನ್ನುತ್ತಾರೆ. ಕೊಡುವವರು ಟ್ರೇಲ್ ಏಂಜೆಲ್‌ಗಳು. ಕಾಡಿನ ಹಾದಿ ಡಾಂಬರು ರಸ್ತೆಯನ್ನು ದಾಟುವ ಜಾಗದಲ್ಲಿ ಒಂದು ಪಿಕಪ್ ಗಾಡಿ ನಿಂತಿರುತ್ತದೆ. ಹಿಂದಿನ ಬಾಗಿಲು ಇಳಿಸಿ, ಮೇಲೆ ಗ್ಯಾಸ್ ಒಲೆ ಇಟ್ಟು ಹಾಟ್‌ಡಾಗ್ ಬೇಯಿಸುತ್ತಿರುತ್ತಾರೆ. ಮಂಜುಗಡ್ಡೆ ತುಂಬಿದ ಪೆಟ್ಟಿಗೆಯಲ್ಲಿ ಕೋಕ್. ಬಾಳೆಹಣ್ಣು, ಕಿತ್ತಳೆ. ಮಡಿಸುವ ಕುರ್ಚಿ ನಾಲ್ಕೈದು. ಕುರ್ಚಿಯೇ ದೊಡ್ಡದು ಅಂತ ನನಗೊಬ್ಬ ಹುಡುಗ ಹೇಳಿದ್ದ. ವಾರಗಟ್ಟಲೆ ಬಂಡೆ, ಮರದ ದಿಮ್ಮಿ, ನೆಲದ ಮೇಲೆ ಕೂತವನಿಗೆ ಬೆನ್ನು ಆನಿಸುವ ಜಾಗ ಸಿಕ್ಕರೆ ಅದೇ ಸ್ವರ್ಗ.

ನಿಮಗೆ ಈಗ ಶಿವರಾತ್ರಿಯ ಧರ್ಮಸ್ಥಳದ ಪಾದಯಾತ್ರೆ ನೆನಪಾಗಿರಬೇಕು. ಬೆಂಗಳೂರಿಂದ ನಡೆದು ಹೋಗುವವರಿಗೆ ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ, ಊಟ. ನೋಡಲು ಒಂದೇ ಥರ. ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಮಜ್ಜಿಗೆ ಕೊಡುವವರೂ ಮಂಜುನಾಥನ ಭಕ್ತರು, ಕುಡಿಯುವವರೂ ಮಂಜುನಾಥನ ಭಕ್ತರು. ಯಾರಿಗೆ ಯಾರು ಧರ್ಮ ಬೋಧಿಸಬೇಕು? ಆ ಪ್ರಶ್ನೆಯೇ ಏಳುವುದಿಲ್ಲ. ಅಪಲೇಚಿಯನ್ ಟ್ರೇಲ್‌ನಲ್ಲಿ ಹಾಗಲ್ಲ. ಕೊಡುವವರಿಗೆ ದೇವರಿದ್ದಾನೆ, ತಿನ್ನುವವರಿಗೆ ಇರಬಹುದು, ಇಲ್ಲದೆಯೂ ಇರಬಹುದು. ಅದಕ್ಕೇ ಎಷ್ಟೋ ಸಲ ಪೇಪರ್ ತಟ್ಟೆಯ ಪಕ್ಕದಲ್ಲಿ ಯೇಸುವಿನ ಮಾತಿನ ಒಂದು ಕರಪತ್ರವೂ ಬರುತ್ತದೆ.

ಇವತ್ತಿನ ಮಾತು ಆ ಕರಪತ್ರದ ಬಗ್ಗೆ.

ಮೊದಲೇ ಒಂದು ಮಾತು. ಮತಾಂತರ ಅಂದ ಕೂಡಲೇ ನಮ್ಮ ತಲೆಯಲ್ಲಿ ಊರಿನ ಜಗಳ ಶುರುವಾಗುತ್ತದೆ. ಟಿವಿ ಚರ್ಚೆ, ಕಾಯ್ದೆ, ಚುನಾವಣೆ. ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಇಲ್ಲಿನ ಸಂಗತಿ ಬೇರೆ. ಇಲ್ಲಿ ಹಾದಿ ನಡೆಯುವವರಲ್ಲಿ ಜಾಸ್ತಿ ಜನ ಕ್ರೈಸ್ತ ಮನೆಗಳಲ್ಲೇ ಹುಟ್ಟಿ ಬೆಳೆದವರು. ಭಾನುವಾರದ ಶಾಲೆಗೆ ಹೋದವರು, ಬೈಬಲ್ ಬಾಯಿಪಾಠ ಮಾಡಿದವರು. ಆಮೇಲೆ ಚರ್ಚ್ ಬಿಟ್ಟವರು, ಕೆಲವರು ಚರ್ಚ್‌ನಿಂದ ನೊಂದು ಬಂದವರು. ಅವರ ಕೈಗೆ ಯೇಸುವಿನ ಕರಪತ್ರ ಕೊಟ್ಟರೆ ಅದು ಹೊಸ ಸುದ್ದಿಯಲ್ಲ. ಬಿಟ್ಟು ಬಂದ ಮನೆಯಿಂದ ಬಂದ ಕಾಗದ. ಕೆಲವರಿಗೆ ಕಣ್ಣು ತುಂಬುತ್ತದೆ, ಕೆಲವರಿಗೆ ಮೈ ಉರಿಯುತ್ತದೆ.

ಇನ್ನು ಚರ್ಚ್‌ಗಳ ಪರವಾಗಿ ಹೇಳಬೇಕಾದ್ದು ಬಹಳ ಇದೆ. ಈ ಹಾದಿ ಹೋಗುವುದು ಅಪಲೇಚಿಯನ್ ಬೆಟ್ಟಗಳ ಸಣ್ಣ ಸಣ್ಣ ಊರುಗಳ ಪಕ್ಕದಲ್ಲಿ. ವರ್ಜೀನಿಯಾದ ಡಮಾಸ್ಕಸ್ ಅಂತ ಒಂದು ಊರಿದೆ, ಹಾದಿ ಆ ಊರಿನ ಬೀದಿಯಲ್ಲೇ ಹಾದು ಹೋಗುತ್ತದೆ. ಜನಸಂಖ್ಯೆ ಸಾವಿರವೂ ಇಲ್ಲ. ಇಂಥ ಊರಲ್ಲಿ ಐವತ್ತು ಜನ ಮಲಗುವಷ್ಟು ಸೂರು, ದೊಡ್ಡ ಅಡುಗೆಮನೆ, ಬಚ್ಚಲು ಇರುವ, ವಾರದ ಆರು ದಿನ ಖಾಲಿ ಬೀಳುವ ಕಟ್ಟಡ ಯಾವುದು? ಚರ್ಚ್. ಹಾಗಾಗಿ ಹೈಕರ್‌ಗಳಿಗೆ ಜಾಗ ಕೊಡುವುದರಲ್ಲಿ ಬಹಳ ಕಡೆ ಚರ್ಚ್‌ಗಳೇ ಮುಂದಿದ್ದವು. ಡಮಾಸ್ಕಸ್‌ನಲ್ಲಿ ಮೆಥೊಡಿಸ್ಟ್ ಚರ್ಚ್‌ನ ಹಾಸ್ಟೆಲ್, ಅದೇ ರಾಜ್ಯದ ಪಿಯರಿಸ್‌ಬರ್ಗ್‌ನಲ್ಲಿ ಕ್ಯಾಥೊಲಿಕ್ ಚರ್ಚ್‌ನದು, ನಾರ್ತ್ ಕೆರೊಲಿನಾದ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಜೆಸ್ಯೂಟ್ ಪಾದ್ರಿಗಳದು.

ನಮಗೆ ಹತ್ತಿರದ್ದೇ ನೋಡಿ. ಆಗ ಹೇಳಿದ ಸೇತುವೆಯ ಆ ಕಡೆ ದಡದಲ್ಲಿ ಡೆಲವೇರ್ ವಾಟರ್ ಗ್ಯಾಪ್ ಎಂಬ ಪುಟ್ಟ ಊರು. ಅಲ್ಲಿನ ಪ್ರೆಸ್ಬಿಟೇರಿಯನ್ ಚರ್ಚ್‌ಗೆ ಚರ್ಚ್ ಆಫ್ ದ ಮೌಂಟನ್ ಅಂತ ಹೆಸರು. 1976ರಿಂದ ಹೈಕರ್‌ಗಳಿಗೆ ಕೆಳಗಿನ ಕೋಣೆಗಳನ್ನು ಬಿಟ್ಟುಕೊಟ್ಟಿದೆ. ಮರದ ಮಂಚ, ಸ್ನಾನದ ಕೋಣೆ, ಹಳೇ ಸೋಫಾ. ಕಾಣಿಕೆ ಡಬ್ಬ ಇರುತ್ತದೆ, ಎಷ್ಟು ಹಾಕಿದಿರಿ ಅಂತ ಯಾರೂ ನೋಡುವುದಿಲ್ಲ. ಬೇಸಿಗೆಯಲ್ಲಿ ವಾರಕ್ಕೊಂದು ಸಂಜೆ ಚರ್ಚ್‌ನ ಜನ ಮನೆಯಿಂದ ಅಡುಗೆ ಮಾಡಿ ತಂದು ಹೈಕರ್‌ಗಳ ಜೊತೆ ಕೂತು ಉಣ್ಣುವ ರೂಢಿಯೂ ಅಲ್ಲಿ ಬೆಳೆದು ಬಂತು. ನಾನು ಹೋಗಿದ್ದಾಗ ಒಬ್ಬ ಅಜ್ಜಿ ನನ್ನ ತಟ್ಟೆಗೆ ಎರಡನೇ ಸಲ ಮ್ಯಾಕರೋನಿ ಬಡಿಸುತ್ತಾ, ನಿನಗೆ ಮಾಂಸ ಬೇಡ ಅಂದ್ಯಲ್ಲ, ಅದಕ್ಕೆ ಇದನ್ನು ಒಳಗೆ ಎತ್ತಿಟ್ಟಿದ್ದೆ ಅಂದರು. ಅವತ್ತು ಅವರು ದೇವರ ವಿಷಯ ಎತ್ತಲೇ ಇಲ್ಲ. ನಾನಾಗಿ ಚರ್ಚ್ ಬಗ್ಗೆ ಕೇಳಿದ ಮೇಲೆ ಎದ್ದು ಹೋಗಿ ದೀಪ ಹಾಕಿ ಒಳಗೆ ತೋರಿಸಿದರು.

ನ್ಯೂಯಾರ್ಕ್ ರಾಜ್ಯದ ಗ್ರೇಮೂರ್‌ನಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ಮಠ ಇದೆ. ಒಂದು ಕಾಲದಲ್ಲಿ ಅವರು ಹೈಕರ್‌ಗಳಿಗೆ ಕೋಣೆಯನ್ನೂ ಊಟವನ್ನೂ ಕೊಡುತ್ತಿದ್ದರು. ಆಮೇಲೆ ಅದು ಆಟದ ಮೈದಾನದಲ್ಲಿ ಟೆಂಟ್ ಹಾಕಿಕೊಳ್ಳಲು ಜಾಗ, ಒಂದು ಮಾಡು, ನೀರು, ತಣ್ಣೀರ ಸ್ನಾನಕ್ಕೆ ಇಳಿಯಿತು. ನಡೆದು ದಣಿದವನಿಗೆ ಅಷ್ಟೇ ಸಾಕು. ಅವರ ಬೆಟ್ಟದ ಮೇಲೇ ಮನೆಮಠ ಇಲ್ಲದ ಗಂಡಸರಿಗಾಗಿ 1909ರಿಂದ ಒಂದು ಆಸರೆಯ ಮನೆಯೂ ನಡೆಯುತ್ತಿದೆ. ಹೈಕರ್‌ಗಳು ಅಲ್ಲಿಗೆ ಬರುವ ಬಹಳ ಮೊದಲೇ ಬಂದವರಿಗೆ ಬಾಗಿಲು ತೆರೆದು ರೂಢಿಯಾದವರು.

ಇನ್ನೊಂದು ಮಾದರಿ. ನಾರ್ತ್ ಕೆರೊಲಿನಾದ ಫ್ರಾಂಕ್ಲಿನ್ ಊರು. ಸ್ಪ್ರಿಂಗರ್‌ನಿಂದ ಹೊರಟವರು ಹತ್ತು ದಿನದ ಆಸುಪಾಸಿನಲ್ಲಿ ಅಲ್ಲಿಗೆ ಬರುತ್ತಾರೆ. ಪಾದದಲ್ಲಿ ಬೊಬ್ಬೆ ಎದ್ದಿರುತ್ತದೆ, ಮನೆ ನೆನಪಾಗುತ್ತಿರುತ್ತದೆ. ಅಲ್ಲಿನ ಬ್ಯಾಪ್ಟಿಸ್ಟ್ ಚರ್ಚ್‌ನವರು ವಸಂತದಲ್ಲಿ ಬೆಳಗ್ಗೆ ಪ್ಯಾನ್‌ಕೇಕ್ ಮಾಡಿ ಹೈಕರ್‌ಗಳಿಗೆ ಹಾಕುತ್ತಾ ಬಂದಿದ್ದಾರೆ. ಲಾಡ್ಜ್ ಬಾಗಿಲಿಂದ ವ್ಯಾನಿನಲ್ಲಿ ಕರೆದುಕೊಂಡು ಹೋಗುತ್ತಾರೆ. ತಿಂಡಿ ಆದ ಮೇಲೆ ಫೋಟೊ ತೆಗೆದು ಪ್ರಿಂಟ್ ಹಾಕಿ, ಮನೆಗೆ ಎರಡು ಸಾಲು ಬರೆಯಿರಿ ಅಂತ ಹಾಳೆ, ಪೆನ್ನು ಕೊಡುತ್ತಾರೆ. ಅಂಚೆಗೆ ಹಾಕುವುದು ಅವರೇ. ಮಧ್ಯದಲ್ಲಿ ಒಬ್ಬರು ಎದ್ದು ನಿಂತು ಎರಡು ನಿಮಿಷ ಯೇಸುವಿನ ಮಾತು ಹೇಳುತ್ತಾರೆ. ಪ್ಯಾನ್‌ಕೇಕ್ ಬಾಯಲ್ಲಿದ್ದಾಗ ಯಾರೂ ವಾದ ಮಾಡುವುದಿಲ್ಲ ಬಿಡಿ.

ಇದು ತಪ್ಪಾ? ನನ್ನನ್ನು ಕೇಳಿದರೆ ಇಲ್ಲ. ಚರ್ಚ್‌ಗೆ ಬನ್ನಿ ಅಂತ ಬೋರ್ಡ್ ಇರುವ ವ್ಯಾನಿನಲ್ಲಿ ಹತ್ತಿ, ಚರ್ಚ್ ಒಳಗೆ ಕೂತು, ಚರ್ಚ್‌ನವರ ಪ್ಯಾನ್‌ಕೇಕ್ ತಿಂದು, ಅಯ್ಯೋ ಇವರು ದೇವರ ಮಾತಾಡಿದರು ಅಂತ ದೂರುವುದು ಸರಿಯಲ್ಲ. ಯಾರ ಮನೆ ಅಂತ ಗೊತ್ತಿದ್ದೇ ಹೋಗಿದ್ದೀರಿ. ಎರಡು ನಿಮಿಷ ಕೇಳಿಸಿಕೊಂಡರೆ ಗಂಟೇನೂ ಹೋಗಲ್ಲ. ಬೇಡ ಅನ್ನಿಸಿದರೆ ಎದ್ದು ಹೊರಗೆ ಹೋಗಬಹುದು.

ನನಗೆ ಮುಖ್ಯ ಅನ್ನಿಸುವುದು ಇವೇ ಎರಡು. ಒಂದು, ಯಾರು ಕರೆದರು ಅಂತ ಮೊದಲೇ ಗೊತ್ತಿತ್ತಾ? ಎರಡು, ಎದ್ದು ಹೋಗಲು ದಾರಿ ಇತ್ತಾ? ಹಸಿದವನಿಗೆ ಬೇಡ ಅನ್ನುವ ಶಕ್ತಿ ಅರ್ಧ ಇರುವುದಿಲ್ಲ. ಕೊಡುವವರು ಅದನ್ನು ತಿಳಿದುಕೊಂಡು ನಡೆಯಬೇಕು. ಬೋಧನೆ ಮಾಡಿದರೋ ಇಲ್ಲವೋ ಅನ್ನುವುದು ನನಗೆ ಅಷ್ಟು ದೊಡ್ಡ ಪ್ರಶ್ನೆಯಲ್ಲ. ತಮಾಷೆ ಅಂದರೆ ಹೈಕರ್‌ಗಳು ಜಗಳ ಆಡುವುದು ಬರೀ ಅದರ ಬಗ್ಗೆಯೇ.

ಎದ್ದು ಹೋಗಲು ದಾರಿ ಇಲ್ಲದ ಜಾಗ ಯಾವುದು ಹೇಳಿ? ಕಾರು. ಹಾದಿಯಿಂದ ಊರಿಗೆ ಎಂಟು ಹತ್ತು ಮೈಲಿ ಇರುತ್ತದೆ, ಹೈಕರ್‌ಗಳು ರಸ್ತೆಯಲ್ಲಿ ಹೆಬ್ಬೆರಳು ತೋರಿಸಿ ಲಿಫ್ಟ್ ಕೇಳುತ್ತಾರೆ. ನನಗೆ ಒಮ್ಮೆ ಪೆನ್ಸಿಲ್ವೇನಿಯಾದಲ್ಲಿ ಒಬ್ಬರು ಗಾಡಿ ನಿಲ್ಲಿಸಿದರು. ಒಳ್ಳೆಯ ಮನುಷ್ಯ. ನನ್ನ ಕೊಳಕು ಚೀಲವನ್ನು ತಾವೇ ಎತ್ತಿ ಹಿಂದೆ ಹಾಕಿದರು. ಬೆಟ್ಟದ ತಿರುವು ಶುರುವಾಯಿತು. ನನ್ನ ಕಡೆ ತಿರುಗಿ ಬಹಳ ಶಾಂತವಾಗಿ ಕೇಳಿದರು: "ಇವತ್ತು ರಾತ್ರಿ ಸತ್ತರೆ ಎಲ್ಲಿಗೆ ಹೋಗ್ತೀಯ, ಗೊತ್ತಾ?"

ನನ್ನ ಎದೆ ಧಸಕ್ಕಂತು. ಇದು ಇಲ್ಲಿನ ಇವ್ಯಾಂಜೆಲಿಕಲ್ ಕ್ರೈಸ್ತರು, ಅಂದರೆ ಸುವಾರ್ತೆ ಸಾರುವುದನ್ನೇ ಮುಖ್ಯ ಅನ್ನುವವರು, ಮಾತು ಶುರು ಮಾಡಲು ಕೇಳುವ ಮಾಮೂಲು ಪ್ರಶ್ನೆ ಅಂತ ನನಗೆ ಆಗ ಗೊತ್ತಿರಲಿಲ್ಲ. ನೀವೇ ಯೋಚಿಸಿ. ಗುರುತಿಲ್ಲದ ಮನುಷ್ಯ, ಒಂಟಿ ರಸ್ತೆ, ಸ್ಟೀರಿಂಗ್ ಅವರ ಕೈಯಲ್ಲಿ. ನಾನು ಮೋಟೆಲ್‌ಗೆ ಹೋಗ್ತೀನಿ ಸಾರ್ ಅಂದೆ. ಅವರಿಗೆ ನಗು ಬಂತು. ಆಮೇಲೆ ಊರು ಬರುವವರೆಗೂ ತಮ್ಮ ಕುಡಿತದ ಕಥೆ, ಅದು ಬಿಟ್ಟ ಕಥೆ, ಹೆಂಡತಿ ವಾಪಸ್ ಬಂದ ಕಥೆ ಹೇಳಿದರು. ಇಳಿಯುವಾಗ ಕೈಗೆ ಬೈಬಲ್‌ನ ಹೊಸ ಒಡಂಬಡಿಕೆಯ ಒಂದು ಸಣ್ಣ ಪುಸ್ತಕ ಕೊಟ್ಟರು. ಅದರ ತೂಕ ನೂರು ಗ್ರಾಮ್ ಇರಬಹುದು. ಹಲ್ಲುಜ್ಜುವ ಬ್ರಷ್‌ನ ಹಿಡಿಯನ್ನೇ ಮುರಿದು ತೂಕ ಇಳಿಸುವ ಜನ ಈ ಹೈಕರ್‌ಗಳು. ಅವರ ಕೈಗೆ ಪುಸ್ತಕ ಕೊಡುವವರು ಒಂದು ಸಲವಾದರೂ ಅವರ ಚೀಲ ಎತ್ತಿ ನೋಡಬೇಕು.

ಎರಡನೇ ಜಾಗ ಶೆಲ್ಟರ್. ಹಾದಿಯುದ್ದಕ್ಕೂ 250ಕ್ಕೂ ಹೆಚ್ಚು ಶೆಲ್ಟರ್‌ಗಳಿವೆ. ಮೂರು ಕಡೆ ಗೋಡೆ, ಒಂದು ಕಡೆ ಪೂರ್ತಿ ಬಯಲು, ಮೇಲೊಂದು ಮಾಡು, ಮರದ ಹಲಗೆಯ ನೆಲ. ಮಳೆ ಬಂದ ರಾತ್ರಿ ಹತ್ತು ಹನ್ನೆರಡು ಜನ ಭುಜಕ್ಕೆ ಭುಜ ತಾಗಿಸಿ ಮಲಗುತ್ತಾರೆ. ಬಾಗಿಲೇ ಇಲ್ಲದ ಮನೆ, ಆದರೆ ಹೊರಗೆ ಹೋಗುವ ಹಾಗಿಲ್ಲ. ಅಲ್ಲಿ ಯಾರಾದರೂ ಜೋರಾಗಿ ದೇವರ ಬಗ್ಗೆ ಶುರು ಮಾಡಿದರೆ ಉಳಿದವರು ಏನು ಮಾಡಬೇಕು? ದೇವರಿಲ್ಲ ಅಂತ ಗಂಟೆಗಟ್ಟಲೆ ಸಾಧಿಸುವವರೂ ಸಿಗುತ್ತಾರೆ, ಅದೂ ಅಷ್ಟೇ ಹಿಂಸೆ. ರಾತ್ರಿ ಒಂಬತ್ತಕ್ಕೆ ಹೈಕರ್ ಮಿಡ್‌ನೈಟ್ ಅನ್ನುವ ಪದ್ಧತಿ ಇರುವುದು ಒಳ್ಳೆಯದಾಯಿತು. ಒಂಬತ್ತಾದರೆ ಎಲ್ಲರೂ ದೀಪ ಆರಿಸಿ ಬಾಯಿ ಮುಚ್ಚಬೇಕು. ಆಸ್ತಿಕರಿಗೂ ಅನ್ವಯ, ನಾಸ್ತಿಕರಿಗೂ ಅನ್ವಯ.

ಶೆಲ್ಟರ್‌ನಲ್ಲಿ ಒಂದು ನೋಟ್‌ಪುಸ್ತಕ ಇಟ್ಟಿರುತ್ತಾರೆ. ಬಂದವರು ಹೆಸರು, ದಿನಾಂಕ, ಎರಡು ಸಾಲು ಬರೆದು ಹೋಗುತ್ತಾರೆ. ಹೆಸರು ಅಂದರೆ ಟ್ರೇಲ್ ನೇಮ್, ಹಾದಿಯಲ್ಲಿ ಸಿಕ್ಕ ಅಡ್ಡಹೆಸರು. ಒಂದು ಪುಟದಲ್ಲಿ ಯಾರೋ ಯೋಹಾನನ ಸುವಾರ್ತೆಯ ವಾಕ್ಯ ಬರೆದಿರುತ್ತಾರೆ. ಕೆಳಗೆ ಇನ್ನೊಬ್ಬರು, ಇಲ್ಲಿ ನೀರಿನ ಒರತೆ ಎಲ್ಲಿದೆ ಅಂತ ಬರೆದಿದ್ದರೆ ಉಪಕಾರ ಆಗ್ತಿತ್ತು ಅಂತ ಬರೆದಿರುತ್ತಾರೆ. ಕರಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಜೊತೆಗೆ ಎರಡು ಚಾಕೊಲೇಟ್ ಇಟ್ಟು ಮೂಲೆಯಲ್ಲಿ ಬಿಟ್ಟು ಹೋಗುವವರಿದ್ದಾರೆ. ಚಾಕೊಲೇಟ್ ಇಲಿ ತಿನ್ನುತ್ತದೆ, ಕರಪತ್ರ ಒಲೆ ಹಚ್ಚಲು ಹೋಗುತ್ತದೆ, ಪ್ಲಾಸ್ಟಿಕ್ ಅಲ್ಲೇ ಬಿದ್ದಿರುತ್ತದೆ. ಅದನ್ನು ಹೊತ್ತು ಕೆಳಗೆ ತರುವವರು ಹಾದಿ ನೋಡಿಕೊಳ್ಳುವ ಸ್ವಯಂಸೇವಕರು. ಬಹಳ ಜನ ವಯಸ್ಸಾದವರು, ಪಾಪ.

ಈ ವಿಷಯದಲ್ಲಿ ನನಗೆ ಹಿಡಿಸಿದ್ದು ಮೆಥೊಡಿಸ್ಟರು ಮಾಡಿದ್ದು. ಅವರು ಹಾದಿಗೆ ಒಬ್ಬ ಚಾಪ್ಲಿನ್‌ನನ್ನು ಕಳಿಸುವ ಏರ್ಪಾಡು ಮಾಡಿದರು. ಚಾಪ್ಲಿನ್ ಅಂದರೆ ಆಸ್ಪತ್ರೆಯಲ್ಲೋ ಸೈನ್ಯದಲ್ಲೋ ಜನರ ಜೊತೆಗಿರುವ ಪಾದ್ರಿ. ಇಲ್ಲಿ ಆ ಮನುಷ್ಯನೂ ಚೀಲ ಹೊತ್ತು ಉಳಿದವರ ಜೊತೆ ನಡೆಯಬೇಕು. ಅವರಿಗೆ ಬೊಬ್ಬೆ ಎದ್ದರೆ ಇವರಿಗೂ ಏಳುತ್ತದೆ. ಬೋಧಿಸುವುದಕ್ಕಿಂತ ಜೊತೆಗಿದ್ದು ಕೇಳಿಸಿಕೊಳ್ಳುವುದೇ ಕೆಲಸ. ಶಾಫರ್ ಹೇಳಿದ್ದನ್ನು ಈಗ ನೆನಪು ಮಾಡಿಕೊಳ್ಳಿ. ಈ ಹಾದಿಗೆ ಬರುವವರಲ್ಲಿ ಎಷ್ಟೋ ಜನ ಏನನ್ನೋ ಇಳಿಸಿಕೊಳ್ಳಲು ಬಂದವರು. ಇರಾಕ್, ಅಫ್ಘಾನಿಸ್ತಾನದಿಂದ ವಾಪಸ್ ಬಂದವರಿದ್ದಾರೆ. ಡೈವೋರ್ಸ್ ಆದವರು, ಕೆಲಸ ಬಿಟ್ಟವರು, ಮಗುವನ್ನು ಕಳಕೊಂಡವರು, ಕಾಲೇಜು ಮುಗಿಸಿ ಮುಂದೇನು ಅಂತ ತಿಳಿಯದವರು. ಹಳೇ ಬದುಕು ಬಿಟ್ಟಿದ್ದಾರೆ, ಹೊಸದು ಇನ್ನೂ ಸಿಕ್ಕಿಲ್ಲ. ಹೆಸರೂ ಹಳೆಯದಲ್ಲ. ಧರ್ಮ ಹೇಳುವವರಿಗೆ ಇದಕ್ಕಿಂತ ಹದವಾದ ನೆಲ ಬೇರೆಲ್ಲಿ ಸಿಕ್ಕೀತು?

ಹೀಗೆ ಹೇಳುತ್ತಾ ವರ್ಮಾಂಟ್‌ಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ರಟ್‌ಲಂಡ್ ಎಂಬ ಊರು. ಜಾರ್ಜಿಯಾದಿಂದ ನಡೆದು ಬಂದವರು ಇಲ್ಲಿಗೆ ಬರುವ ಹೊತ್ತಿಗೆ 2,700 ಕಿಲೋಮೀಟರ್ ದಾಟಿರುತ್ತಾರೆ. ನಾಲ್ಕು ತಿಂಗಳ ದಣಿವು. ಕಿಲಿಂಗ್ಟನ್ ಬೆಟ್ಟದ ಹತ್ತಿರ ರಸ್ತೆಗೆ ಇಳಿದರೆ ಊರಿಗೆ ಬಸ್ ಇದೆ. ಊರಿನ ಮಧ್ಯದಲ್ಲೇ ಯೆಲ್ಲೋ ಡೆಲಿ ಎಂಬ ಹೋಟೆಲ್. ಒಳಗೆ ಎಲ್ಲಾ ಮರದ ಕೆಲಸ, ಕೈಯಲ್ಲೇ ಮಾಡಿದ್ದು. ಮಂದ ಬೆಳಕು. ಗಡ್ಡ ಬಿಟ್ಟು ಕೂದಲನ್ನು ಹಿಂದಕ್ಕೆ ಕಟ್ಟಿದ ಗಂಡಸರು, ಉದ್ದ ಬಟ್ಟೆಯ ಹೆಂಗಸರು ನಗುನಗುತ್ತಾ ಬಡಿಸುತ್ತಾರೆ. ಯೆರ್ಬಾ ಮಾಟೆ ಎಂಬ ಸೊಪ್ಪಿನ ಪಾನೀಯ ಕೊಡುತ್ತಾರೆ. ಮೇಲೆ ಹೈಕರ್‌ಗಳ ಹಾಸ್ಟೆಲ್. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಕಾಸಿದ್ದರೆ ಕೊಡಿ, ಇಲ್ಲದಿದ್ದರೆ ಸ್ವಲ್ಪ ಕೆಲಸ ಮಾಡಿ. ನಾನು ಅಲ್ಲಿ ಊಟ ಮಾಡಿದ್ದೇನೆ. ರುಚಿ ಚೆನ್ನಾಗಿತ್ತು, ಉಪಚಾರ ಇನ್ನೂ ಚೆನ್ನಾಗಿತ್ತು. ಹೈಕರ್‌ಗಳನ್ನು ಕೇಳಿ, ಹಾದಿಯಲ್ಲೇ ಅತ್ಯಂತ ಪ್ರೀತಿಯಿಂದ ನೋಡಿಕೊಂಡವರು ಅಂತ ಎಷ್ಟೋ ಜನ ಹೇಳುತ್ತಾರೆ. ಅದೇ ಉಸಿರಿನಲ್ಲಿ ಕಲ್ಟ್, ಅಂದರೆ ಜನರನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಪಂಥ, ಅಂತಲೂ ಹೇಳುತ್ತಾರೆ.

ಅದನ್ನು ನಡೆಸುವುದು ಟ್ವೆಲ್ವ್ ಟ್ರೈಬ್ಸ್ ಎಂಬ ಪಂಥ. 1970ರ ದಶಕದ ಮೊದಲಲ್ಲಿ ಟೆನೆಸ್ಸಿಯ ಚಟನೂಗದಲ್ಲಿ ಜೀನ್ ಸ್ಪ್ರಿಗ್ಸ್ ಎಂಬವರು ಶುರು ಮಾಡಿದ್ದು. ಅವರು 2021ರಲ್ಲಿ ತೀರಿಕೊಂಡರು. ಸೇರಿದವರು ಆಸ್ತಿಯನ್ನೆಲ್ಲ ಪಂಥಕ್ಕೆ ಕೊಡಬೇಕು. ಒಟ್ಟಿಗೆ ಬದುಕಬೇಕು. ಸಂಬಳ ಇಲ್ಲದೆ ದುಡಿಯಬೇಕು. ಹೊಸದಾಗಿ ಹೀಬ್ರೂ ಹೆಸರು ಇಟ್ಟುಕೊಳ್ಳಬೇಕು. ಮಕ್ಕಳಿಗೆ ಶಾಲೆ ಹೊರಗಿಲ್ಲ, ಒಳಗೇ. ಮಕ್ಕಳನ್ನು ತೆಳು ಬೆತ್ತದಿಂದ ಹೊಡೆದು ತಿದ್ದುವುದನ್ನು ಅವರು ಮುಚ್ಚಿಡುವುದಿಲ್ಲ, ಅದು ಬೈಬಲ್ ಹೇಳಿದ ಶಿಸ್ತು ಅನ್ನುತ್ತಾರೆ.

1984ರ ಜೂನ್‌ನಲ್ಲಿ ವರ್ಮಾಂಟ್‌ನ ಐಲ್ಯಾಂಡ್ ಪಾಂಡ್ ಎಂಬಲ್ಲಿ ಪೊಲೀಸರು ಬೆಳಗಿನ ಜಾವ ನುಗ್ಗಿ ಈ ಪಂಥದ 112 ಮಕ್ಕಳನ್ನು ಕರೆದೊಯ್ದರು. ಒಂದೊಂದು ಮಗುವಿನ ಬಗ್ಗೆಯೂ ಪುರಾವೆ ಇಲ್ಲದೆ ಹೀಗೆ ಗುಂಪಾಗಿ ಎತ್ತಿಕೊಂಡು ಬರುವುದು ಕಾನೂನಿಗೆ ವಿರುದ್ಧ ಅಂತ ನ್ಯಾಯಾಧೀಶರು ಅವತ್ತೇ ಎಲ್ಲರನ್ನೂ ವಾಪಸ್ ಕಳಿಸಿದರು. ಜರ್ಮನಿಯ ಕಥೆ ಬೇರೆ. 2013ರಲ್ಲಿ ಬವೇರಿಯಾದಲ್ಲಿ ಸುಮಾರು 40 ಮಕ್ಕಳನ್ನು ಅಧಿಕಾರಿಗಳು ಪಂಥದಿಂದ ಬಿಡಿಸಿದರು. ಪಾಲಕರು ಯುರೋಪಿನ ಮಾನವ ಹಕ್ಕು ನ್ಯಾಯಾಲಯದವರೆಗೆ ಹೋದರು. 2018ರಲ್ಲಿ ಆ ನ್ಯಾಯಾಲಯ ಜರ್ಮನಿ ಮಾಡಿದ್ದು ಸರಿ ಅಂದಿತು.

ಈಗ ನನ್ನ ಎರಡು ಪ್ರಶ್ನೆ ಇಲ್ಲಿ ಕೇಳಿ ನೋಡಿ. ಎದ್ದು ಹೋಗಲು ದಾರಿ ಇತ್ತಾ? ಇತ್ತು. ಬಾಗಿಲು ಯಾರೂ ಹಾಕಿರಲಿಲ್ಲ. ಒಂದು ರಾತ್ರಿ ಮಲಗಿ, ಬೆಳಗ್ಗೆ ತಿಂಡಿ ತಿಂದು ಹೊರಡುವವರೇ ಜಾಸ್ತಿ. ಶುಕ್ರವಾರ ಸಂಜೆ ಅವರ ಹಾಡು, ಸುತ್ತು ಕುಣಿತ ನೋಡಿ ಖುಷಿಪಟ್ಟು ಬಂದವರಿದ್ದಾರೆ. ಆದರೆ ಮೊದಲನೇ ಪ್ರಶ್ನೆ? ಕರಪತ್ರ, ಪತ್ರಿಕೆ ಎಲ್ಲಾ ಕೌಂಟರ್ ಮೇಲೇ ಇಟ್ಟಿರುತ್ತಾರೆ. ಅದರಲ್ಲಿ ಪ್ರೀತಿ, ಒಟ್ಟು ಬಾಳುವುದು, ಜಗತ್ತಿನ ಒಂಟಿತನ ಎಲ್ಲಾ ಇರುತ್ತದೆ. ಸೇರಿದರೆ ಬೆಲೆ ಏನು ಅನ್ನುವುದು ಸ್ವಲ್ಪ ಸ್ವಲ್ಪವಾಗಿ, ಒಳಗೆ ಹೋಗ್ತಾ ಹೋಗ್ತಾ ತಿಳಿಯುತ್ತದೆ. ಬಿಟ್ಟು ಹೊರಬಂದವರು ಹೇಳುವುದು ಇದನ್ನೇ. ಹಾದಿ ಅಲ್ಲಿಗೇ ನಿಲ್ಲಿಸಿ ಸೇರಿಕೊಂಡ ಹೈಕರ್‌ಗಳೂ ಇದ್ದಾರೆ. ಯಾಕೆ ಅಂತ ನನಗೆ ಅರ್ಥ ಆಗುತ್ತದೆ. ಕಟಾಡಿನ್ ಮುಟ್ಟಿದ ಮೇಲೆ ಮನೆಗೆ ಹೋಗಿ ಏನು ಮಾಡುವುದು ಅಂತ ಗೊತ್ತಿಲ್ಲದವನಿಗೆ ಒಬ್ಬರು ಮಂಚ, ಕೆಲಸ, ಹೆಸರು, ಕುಟುಂಬ ಎಲ್ಲಾ ಒಂದೇ ತಟ್ಟೆಯಲ್ಲಿ ತಂದು ಮುಂದಿಟ್ಟಿದ್ದಾರೆ.

ಹೈಕರ್‌ಗಳು ಕೆಲವರು, ಹಾಸ್ಟೆಲ್ ಅಷ್ಟೇ ತಾನೇ, ಮಲಗಿ ಹೋಗೋಣ ಅನ್ನುತ್ತಾರೆ. ನಾನು ಅವರನ್ನು ಬೈಯುವುದಿಲ್ಲ. ಆದರೆ ಆ ಸ್ಯಾಂಡ್‌ವಿಚ್ ಮಾಡಿದವರಿಗೆ ಸಂಬಳ ಇಲ್ಲ ಅನ್ನುವುದು ತಿಳಿದ ಮೇಲೆ ನನಗೆ ಎರಡನೇ ಸಲ ಹೋಗಲು ಮನಸ್ಸು ಬರಲಿಲ್ಲ.

ಸ್ವಲ್ಪ ದಾರಿ ತಪ್ಪಿ ಸ್ಪೇನ್‌ಗೆ ಹೋಗಿ ಬರುತ್ತೇನೆ. ಕಮಿನೊ ಡಿ ಸಾಂಟಿಯಾಗೊ ಹೆಸರು ಕೇಳಿರುತ್ತೀರಿ. ಸಾಂಟಿಯಾಗೊದ ಚರ್ಚ್‌ಗೆ ಹೋಗುವ ಕಾಲುಹಾದಿ ಅದು, ಹುಟ್ಟಿದ್ದೇ ತೀರ್ಥಯಾತ್ರೆಯಾಗಿ. ಈಗ ಅಲ್ಲಿ ನಡೆಯುವವರಲ್ಲಿ ಭಕ್ತಿ ಇಲ್ಲದವರೂ ಬಹಳ. ಕೊನೆಯಲ್ಲಿ ಸರ್ಟಿಫಿಕೇಟ್ ಪಡೆಯಲು ಕನಿಷ್ಠ 100 ಕಿಲೋಮೀಟರ್ ನಡೆದಿರಬೇಕು. ಆಫೀಸಿನಲ್ಲಿ ಯಾಕೆ ನಡೆದಿರಿ ಅಂತ ಕೇಳುತ್ತಾರೆ. ದೇವರಿಗಾಗಿ ಅಲ್ಲ ಅಂದರೆ ಬೇರೆ ಥರದ ಸರ್ಟಿಫಿಕೇಟ್ ಕೊಡುತ್ತಾರೆ. ಬೈಯುವುದಿಲ್ಲ, ಬರಿಗೈಯಲ್ಲಿ ಕಳಿಸುವುದೂ ಇಲ್ಲ. ಅದೇ ಹಾದಿಯಲ್ಲಿ ಗ್ರಾನ್ಯೋನ್ ಎಂಬ ಹಳ್ಳಿ. ಹಳೇ ಚರ್ಚ್‌ಗೆ ಅಂಟಿಕೊಂಡ ಕಟ್ಟಡದಲ್ಲಿ ನೆಲದ ಮೇಲೆ ಚಾಪೆ ಹಾಕಿ ಮಲಗುವುದು. ಅಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದಾರೆ, ಮುಚ್ಚಳ ತೆಗೆದೇ ಇರುತ್ತದೆ. ಆದಷ್ಟು ಹಾಕಿ, ಬೇಕಾದಷ್ಟು ತೆಗೆದುಕೊಳ್ಳಿ ಅಂತ ಮೇಲೆ ಬರೆದಿದೆ. ಎಲ್ಲರೂ ಸೇರಿ ಅಡುಗೆ ಮಾಡಿ ಉಂಡ ಮೇಲೆ ಪ್ರಾರ್ಥನೆ ಇರುತ್ತದೆ. ಬರುವವರು ಬರಬಹುದು. ಪಾತ್ರೆ ತೊಳೆಯುವವರು ತೊಳೆಯಬಹುದು.

ಅಪಲೇಚಿಯನ್ ಟ್ರೇಲ್‌ನಲ್ಲಿ ಇಷ್ಟು ಸಲೀಸಾಗಿ ಯಾಕೆ ನಡೆಯುವುದಿಲ್ಲ ಅಂದರೆ, ಅಲ್ಲಿ ಜನ ಹೊರಟಿದ್ದು ಕಾಡಿಗೆ, ಚರ್ಚ್‌ಗಲ್ಲ. ಕಮಿನೊದಲ್ಲಿ ನೀವು ಚರ್ಚ್‌ನ ಹಾದಿಗೆ ಹೋಗುತ್ತೀರಿ. ಇಲ್ಲಿ ಚರ್ಚ್ ನಿಮ್ಮ ಹಾದಿಗೆ ಬರುತ್ತದೆ. ಬರುವವರು ಸ್ವಲ್ಪ ಬಾಗಿಲು ತಟ್ಟಿ ಬಂದರೆ ಚೆನ್ನ.

ಇನ್ನು ಪ್ರಶ್ನೆಗಳು. ಒಬ್ಬರು ಕೇಳಿದರು: ಪ್ರಾರ್ಥನೆ ಬೇಡ, ಊಟ ಮಾತ್ರ ಸಾಕು ಅಂದರೆ ಅವರಿಗೆ ಬೇಜಾರಾಗಲ್ವಾ?

ನನ್ನ ಅನುಭವದಲ್ಲಿ ಇಲ್ಲ. ನಿಮಗಾಗಿ ಪ್ರಾರ್ಥನೆ ಮಾಡಲಾ ಅಂತ ಕೇಳಿದರೆ, ಮನಸ್ಸಿದ್ದರೆ ಮಾಡಿ ಅನ್ನಿ. ಇಲ್ಲದಿದ್ದರೆ, ಬೇಡ, ಆದರೆ ಊಟಕ್ಕೆ ತುಂಬಾ ಥ್ಯಾಂಕ್ಸ್ ಅನ್ನಿ. ಕರಪತ್ರ ಬೇಡವಾದರೆ ಅಲ್ಲೇ ವಾಪಸ್ ಕೊಡಿ, ಮುಂದಿನ ಮರದ ಬುಡದಲ್ಲಿ ಬಿಸಾಡಬೇಡಿ. ಕಾಣಿಕೆ ಡಬ್ಬಕ್ಕೆ ದುಡ್ಡು ಹಾಕಿ. ಕಾಣಿಕೆ ಅಂದರೆ ಪುಕ್ಕಟೆ ಅಂದುಕೊಳ್ಳುವ ಹೈಕರ್‌ಗಳಿಂದಲೇ ಎಷ್ಟೋ ಜಾಗಗಳಿಗೆ ನಡೆಸುವುದು ಕಷ್ಟವಾಗಿದೆ. ಚರ್ಚ್‌ನವರು ಬೋಧಿಸಿದರು ಅಂತ ಗೊಣಗುವವರು, ಅವರ ಬಿಸಿನೀರು ಪೂರ್ತಿ ಖಾಲಿ ಮಾಡಿ ಹೊರಟಿದ್ದನ್ನೂ ನಾನು ನೋಡಿದ್ದೇನೆ.

ಎರಡನೇ ಪ್ರಶ್ನೆ ಹಿಂದಿನ ಸಾಲಿನ ಅಕ್ಕ ಒಬ್ಬರದು. ಹಾದಿ ಇಷ್ಟು ಹತ್ತಿರ ಇದೆ ಅಂದ್ರಿ, ನಾವು ನಾಲ್ಕು ಮನೆಯವರು ಸೇರಿ ಇಡ್ಲಿ ಚಟ್ನಿ ಮಾಡಿಕೊಂಡು ಹೋಗಿ ಕೊಡಬಹುದಾ?

ಖಂಡಿತ ಕೊಡಿ. ಹಾದಿ ನೋಡಿಕೊಳ್ಳುವ ಅಪಲೇಚಿಯನ್ ಟ್ರೇಲ್ ಕನ್ಸರ್ವೆನ್ಸಿಯವರು ಇದಕ್ಕೆ ಕೆಲವು ಸಲಹೆ ಕೊಟ್ಟಿದ್ದಾರೆ. ಕಾಡಿನ ಒಳಗೆ ಬೇಡ, ರಸ್ತೆ ಪಕ್ಕದ ಪಾರ್ಕಿಂಗ್ ಥರದ ಜಾಗದಲ್ಲಿ ಮಾಡಿ. ಕೊಡುವಷ್ಟು ಹೊತ್ತು ಅಲ್ಲೇ ಇರಿ, ಊಟ ಇಟ್ಟು ಹೊರಟು ಹೋಗಬೇಡಿ. ನ್ಯೂಜೆರ್ಸಿಯ ಆ ಭಾಗದಲ್ಲಿ ಕರಡಿ ಜಾಸ್ತಿ, ಅವಕ್ಕೆ ಇಡ್ಲಿ ರುಚಿ ಹತ್ತಿಸಬೇಡಿ. ಬೀರ್ ಒಯ್ಯಬೇಡಿ. ಯಾರೇ ಬಂದರೂ ಕೊಡಿ, ಥ್ರೂ ಹೈಕರ್‌ಗಳಿಗೆ ಮಾತ್ರ ಅಂತ ಬೇಡ. ಕಸವನ್ನೆಲ್ಲ ವಾಪಸ್ ತನ್ನಿ.

ಅವರು ಮತ್ತೆ ಕೇಳಿದರು: ದೇವರಿಗೆ ನೈವೇದ್ಯ ಮಾಡಿ ಒಯ್ಯೋದು ನಮ್ಮ ರೂಢಿ. ಅದರಲ್ಲಿ ಏನಾದ್ರೂ ತೊಂದರೆ ಇದೆಯಾ?

ಇಲ್ಲಿ ನಮ್ಮ ಸರದಿ ಬಂತು ನೋಡಿ. ಬೇರೆ ದೇವರಿಗೆ ಅರ್ಪಿಸಿದ್ದನ್ನು ತಿನ್ನಬಾರದು ಅಂತ ನಂಬುವ ಕ್ರೈಸ್ತರಿದ್ದಾರೆ. ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲೇ ಆ ಚರ್ಚೆ ಇದೆ. ಮುಸ್ಲಿಮರಲ್ಲೂ ಯಹೂದ್ಯರಲ್ಲೂ ಹಾಗೆ ನಂಬುವವರಿದ್ದಾರೆ. ಹೇಳದೆ ಕೊಟ್ಟರೆ ನಾವೂ ಅದೇ ಕೆಲಸ ಮಾಡಿದ ಹಾಗಾಗುತ್ತದೆ, ಅಲ್ವಾ? ನೈವೇದ್ಯ ಮಾಡಿದ್ದಾದರೆ ಒಂದು ರಟ್ಟಿನ ಮೇಲೆ ಹಾಗಂತ ಬರೆದಿಡಿ. ಬೇಡ ಅನ್ನುವವರಿಗೆ ಬಾಳೆಹಣ್ಣು ಬೇರೆ ಇಟ್ಟಿರಿ. ಚಟ್ನಿಗೆ ಕಡಲೆಕಾಯಿ ಹಾಕಿದ್ದರೆ ಅದನ್ನೂ ಅದೇ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ, ಇಲ್ಲಿ ತುಂಬಾ ಜನಕ್ಕೆ ಅಲರ್ಜಿ.